ಪ್ರತಿಕ್ರಿಯೆ: ನೀರು ಹೊರಹಾಕಿದರೂ ಗೋಡೆ ಒಣಗುತ್ತಿಲ್ಲ

ನೆರೆ ನೀರನ್ನೆಲ್ಲ ಪಂಪ್ ಮಾಡಿಸಿ, ಕಿಟಕಿ ತೆರೆದು ಮೂರು ದಿನದಿಂದ ಫ್ಯಾನ್ ಹಾಕಿದ್ದರೂ ಗೋಡೆ ಯಾಕೆ ಒಣಗುತ್ತಿಲ್ಲ ಅಂತ ಕೇಳಿದ್ದೀರಿ. ತೊಂದರೆ ಇರುವುದು ಆ ತೆರೆದ ಕಿಟಕಿಯಲ್ಲೇ. ಹೊರಗಿನ ತೇವಾಂಶ ಶೇ. 80–90 ಇರುವಾಗ ಒಳಬರುವ ಗಾಳಿ ಗೋಡೆಯ ನೀರನ್ನು ಹೀರುವುದು ತೀರಾ ಕಡಿಮೆ.

ಕಿಟಕಿ, ಬಾಗಿಲು ಮುಚ್ಚಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಹೀರಿ ನೀರಾಗಿಸುವ ಯಂತ್ರ) ಹಚ್ಚಿ. ಅದರ ಪೈಪನ್ನು ನೇರ ಬಚ್ಚಲಿಗೆ ಬಿಡಿ. ಟ್ಯಾಂಕ್ ತುಂಬಿದರೆ ಯಂತ್ರ ತಾನಾಗಿ ನಿಂತುಬಿಡುತ್ತದೆ, ರಾತ್ರಿಯಿಡೀ ವ್ಯರ್ಥ. ಫ್ಯಾನ್ ಗಾಳಿ ಗೋಡೆಯನ್ನು ಓರೆಯಾಗಿ ಸವರಿಕೊಂಡು ಹೋಗಲಿ. ಕೋಣೆಯ ಗಾಳಿಯ ತೇವಾಂಶ ಅಳೆಯುವ ಹೈಗ್ರೋಮೀಟರ್ ಶೇ. 50ಕ್ಕಿಂತ ಕೆಳಗೆ ತೋರಿಸಬೇಕು.

ಗೋಡೆಗೆ ಜಿಪ್ಸಮ್ ಬೋರ್ಡ್ (ಕಾಗದ ಹೊದಿಸಿದ ಜಿಪ್ಸಮ್ ಹಲಗೆ) ಇದ್ದರೆ ದಯವಿಟ್ಟು ಒಣಗಿಸಲು ಹೋಗಬೇಡಿ. ನೆರೆ ನೀರಿನಲ್ಲಿ ಚರಂಡಿಯ ಕೊಳೆ ಸೇರಿರುತ್ತದೆ. ನೀರು ನಿಂತ ಗುರುತಿಗಿಂತ ಒಂದು ಅಡಿ ಮೇಲಕ್ಕೆ ಕತ್ತರಿಸಿ, ಅದರ ಹಿಂದಿರುವ ಇನ್ಸುಲೇಷನ್ (ಶಾಖ ತಡೆಯುವ ಪದರ) ಸಹಿತ ಎಸೆಯಿರಿ. ಬೂಷ್ಟು 24–48 ಗಂಟೆಗಳಲ್ಲೇ ಹುಟ್ಟಬಹುದು. ಈಗಾಗಲೇ ಕಪ್ಪು ಚುಕ್ಕೆ ಕಂಡಿದ್ದರೆ ಮೊದಲು ಫ್ಯಾನ್ ನಿಲ್ಲಿಸಿ, ಇಲ್ಲದಿದ್ದರೆ ಅದರ ಕಣಗಳು ಮನೆಯೆಲ್ಲ ಹರಡುತ್ತವೆ.

ಬಣ್ಣಕ್ಕೆ ಅವಸರ ಬೇಡ. ಕೈಗೆ ಒಣಗಿದಂತೆ ಅನಿಸಿದರೂ ಇಟ್ಟಿಗೆಯೊಳಗೆ ವಾರಗಟ್ಟಲೆ ನೀರಿರುತ್ತದೆ. ಗೋಡೆ, ಮರದ ಒಳಗಿನ ತೇವ ಅಳೆಯುವ ಮಾಯಿಶ್ಚರ್ ಮೀಟರಿನಲ್ಲಿ ಒದ್ದೆ ಗೋಡೆಯ ಜೊತೆ ನೀರು ಮುಟ್ಟದ ಗೋಡೆಯನ್ನೂ ಅಳೆಯಿರಿ. ಎರಡೂ ಅಂಕಿ ಹತ್ತಿರ ಬಂದ ಮೇಲಷ್ಟೇ ಪುಟ್ಟಿ, ಬಣ್ಣ. ಮರದ ಚೌಕಟ್ಟಾದರೆ ಅದರ ತೇವ ಶೇ. 15ರ ಆಸುಪಾಸಿಗೆ ಇಳಿಯಲಿ.