ಶನಿವಾರ ಶನಿವಾರ ಗಂಡ ಎಲ್ಲಿಗೆ ಹೋಗುತ್ತಿದ್ದರು? ಹಾಸನದ ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಓದಿ ಒಪ್ಪಿದ ಮೇಲೆಯೇ ಇದನ್ನು ಹಾಕುತ್ತಿದ್ದೇನೆ.

ಮೊದಲು ಫೋನ್ ಮಾಡಿದ್ದು ಹೆಂಡತಿ. "ಮೇಡಂ, ನಮ್ಮೆಜಮಾನ್ರಿಗೆ ಬೆಂಗಳೂರಲ್ಲಿ ಯಾರೋ ಇದ್ದಾರೆ ಅನ್ಸುತ್ತೆ." ಎರಡು ವರ್ಷದಿಂದ ತಿಂಗಳಿಗೆ ಎರಡು ಶನಿವಾರ ಹಾಸನದಲ್ಲಿ ಯಶವಂತಪುರದ ರೈಲು ಹತ್ತುತ್ತಾರೆ, ಭಾನುವಾರ ರಾತ್ರಿ ಬರುತ್ತಾರೆ, ಕೇಳಿದರೆ ಜಿಎಸ್‌ಟಿ ಕ್ಲಾಸ್ ಅನ್ನುತ್ತಾರೆ. ಆದರೆ ಬೆನ್ನ ಮೇಲೆ ಅಡ್ಡಡ್ಡ ಕೆಂಪು ಗೀರು, ಭುಜದಲ್ಲಿ ಹಸಿರುಗಟ್ಟಿದ ಪೆಟ್ಟು. ಕ್ಲಾಸಿಗೆ ಹೋದರೆ ಹೀಗಾಗುತ್ತಾ ಅಂತ ಅವರ ಪ್ರಶ್ನೆ.

ಗಂಡನಿಗೆ 31 ವರ್ಷ. ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆ ಒಂದರಲ್ಲಿ ಲೆಕ್ಕ ಬರೆಯುವ ಕೆಲಸ. ಎರಡು ಸಲ ಬಂದು ಏನೂ ಹೇಳದೆ ಹೋದರು. ಕಷ್ಟದ ಪ್ರಶ್ನೆ ಕೇಳಿದಾಗಲೆಲ್ಲ ಗದ್ದವನ್ನು ಎದೆಗೆ ಒತ್ತಿಕೊಳ್ಳುತ್ತಿದ್ದರು, ನಾನು ನಾಚಿಕೆ ಅಂದುಕೊಂಡೆ. ಮೂರನೇ ಸಲ ಒಂದು ಬ್ಯಾಗ್ ತಂದು ಮೇಜಿನ ಮೇಲೆ ಜಿಪ್ ಬಿಚ್ಚಿದರು. ಹಿಂದೆ ಲೇಸ್ ಕಟ್ಟುವ ಕಪ್ಪು ಮುಖವಾಡ, ಮೊಣಕಾಲಿನವರೆಗೆ ಬರುವ ಬೂಟು, ಒಂದು ನೋವಿನ ಸ್ಪ್ರೇ.

"ಟೀವಿಯಲ್ಲಿ ಬರುತ್ತಲ್ಲ ಮೇಡಂ, ಆ ಥರದ ರೆಸ್ಲಿಂಗ್. ನಾನು ವಿಲನ್. ಜನ ಎಷ್ಟು ಜಾಸ್ತಿ ಬೈತಾರೋ ಅಷ್ಟು ಚೆನ್ನಾಗಿ ಮಾಡ್ದೆ ಅಂತ ಲೆಕ್ಕ."

ಗದ್ದ ಒತ್ತಿಕೊಳ್ಳುವುದು ನಾಚಿಕೆಯಲ್ಲ ಅಂತ ಆಗ ಗೊತ್ತಾಯಿತು. ಬೆನ್ನ ಮೇಲೆ ಬೀಳುವಾಗ ತಲೆ ನೆಲಕ್ಕೆ ಬಡಿಯಬಾರದು ಅಂತ ಮೊದಲು ಕಲಿಸುವುದೇ ಅದನ್ನಂತೆ. ಗದ್ದ ಒಳಗೆ, ಉಸಿರು ಹೊರಗೆ, ಎರಡೂ ಕೈ ಚಪ್ಪಟೆಯಾಗಿ ನೆಲಕ್ಕೆ. ಗೆಲ್ಲೋದು ಯಾರು ಅಂತ ಮೊದಲೇ ಮಾತಾಗಿರುತ್ತದೆ, ನಿಜ. ಬೀಳುವುದು ಮಾತ್ರ ನಿಜವಾಗಿ ಬೀಳುವುದೇ. ರಿಂಗಿನ ನೆಲ ಅಂದರೆ ಕಬ್ಬಿಣದ ಚೌಕಟ್ಟು, ಮೇಲೆ ಹಲಗೆ, ತೆಳ್ಳಗಿನ ಫೋಮು, ಅದರ ಮೇಲೆ ಬಿಗಿಯಾಗಿ ಎಳೆದು ಕಟ್ಟಿದ ಕ್ಯಾನ್ವಾಸ್. ಬೆನ್ನ ಮೇಲಿನ ಗೀರು ರಿಂಗಿನ ಸುತ್ತ ಕಟ್ಟಿದ ಹಗ್ಗದ್ದು.

ಹೆಂಡತಿಗೆ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಹೆಂಡತಿಗೆ ಹೇಳಿದರೆ ಅಮ್ಮನಿಗೆ ಗೊತ್ತಾಗುತ್ತೆ, ಅಮ್ಮನಿಗೆ ಗೊತ್ತಾದರೆ ತಾತನಿಗೆ. ತಾತ ಅರಕಲಗೂಡು ಕಡೆಯ ಹಳ್ಳಿಯವರು, ವಯಸ್ಸಿನಲ್ಲಿ ಗರಡಿ ಮನೆಯಲ್ಲಿ ಸಾಮು ಮಾಡಿದ ಪೈಲ್ವಾನ್. ಕೆಮ್ಮಣ್ಣಿಗೆ ಇಳಿಯುವ ಮೊದಲು ಆಂಜನೇಯನಿಗೆ ಕೈಮುಗಿಯದೆ ಇದ್ದವರಲ್ಲ. ಟೀವಿಯಲ್ಲಿ ಈ ರೆಸ್ಲಿಂಗ್ ಬಂದರೆ "ಇದೂ ಒಂದು ಕುಸ್ತಿಯೇನ್ಲಾ" ಅಂತ ಚಾನೆಲ್ ಬದಲಾಯಿಸುತ್ತಿದ್ದರಂತೆ. ಆ ಒಂದು ಮಾತು ಈ ಮನುಷ್ಯನ ಎದೆಯಲ್ಲಿ ಹದಿನೈದು ವರ್ಷದಿಂದ ಕೂತಿದೆ.

ನನ್ನನ್ನು ಕಲಕಿದ್ದು ಮುಖವಾಡವಲ್ಲ, ಬ್ಯಾಗಿನ ಪಕ್ಕದ ಜೇಬಿನಲ್ಲಿದ್ದ ಪಾಕೆಟ್ ಪುಸ್ತಕ. ಲೆಕ್ಕ ಬರೆಯುವವರಲ್ವಾ, ಹೇಳಿದ ಸುಳ್ಳನ್ನೆಲ್ಲ ತಾರೀಖು ಹಾಕಿ ಬರೆದಿಟ್ಟಿದ್ದರು. "ರಿಟರ್ನ್ ಪಾಠ ಮುಗೀತು." "ಮೇಷ್ಟ್ರಿಗೆ ಜ್ವರ, ಬೇಗ ಬಿಟ್ಟರು." "ಭುಜ: ಬಸ್ಸಿನ ಬಾಗಿಲು ಬಡೀತು." ಮುಂದಿನ ಸಲ ಮಾತು ತಪ್ಪಬಾರದು ಅಂತ. ಇಷ್ಟು ಅಚ್ಚುಕಟ್ಟಾದ ಅಕ್ಷರದಲ್ಲಿ ಒಬ್ಬ ಮನುಷ್ಯ ತನ್ನ ಹೆದರಿಕೆಯನ್ನು ಬರೆದಿಟ್ಟದ್ದನ್ನು ನಾನು ನೋಡಿರಲಿಲ್ಲ.

ಅದರ ಕೊನೆಯ ಪುಟಗಳಲ್ಲಿ ಅಕ್ಷರ ಕೆಟ್ಟಿತ್ತು. ಕೇಳಿದೆ. ಮೂರು ವಾರದ ಹಿಂದೆ ತಲೆ ಬಡಿದಿತ್ತಂತೆ. ಆಮೇಲಿಂದ ತಲೆನೋವು, ಆಫೀಸಿನ ಟ್ಯೂಬ್‌ಲೈಟ್ ಬೆಳಕು ತಡೆಯಲಾಗುವುದಿಲ್ಲ, ಕೂಡಿದ್ದನ್ನೇ ಮತ್ತೆ ಕೂಡುತ್ತಾರೆ. ಡಾಕ್ಟರ ಹತ್ತಿರ ಹೋಗಿಲ್ಲ. ಹೇಗೆ ಪೆಟ್ಟಾಯಿತು ಅಂತ ಕೇಳುತ್ತಾರೆ, ಜೊತೆಗೆ ಹೆಂಡತಿ ಇರುತ್ತಾರೆ. ಎರಡು ಭೇಟಿ ನಾನು ಮನಸ್ಸಿನ ಮಾತಲ್ಲೇ ಕಳೆದಿದ್ದೆ, ದೇಹದ ಬಗ್ಗೆ ಕೇಳಿರಲೇ ಇಲ್ಲ. ಅದು ನನ್ನ ತಪ್ಪು.

ಆವತ್ತು ನಾನು ಹೇಳಿದ್ದು ಬೇರೆ ಯಾವ ಸಲಹೆಗಿಂತ ಮೊದಲು ಒಂದೇ: ನಾಳೆಯೇ ನರರೋಗ ತಜ್ಞರನ್ನು ನೋಡಿ, ಪೆಟ್ಟು ಹೇಗೆ ಬಿತ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳಿ, ಅವರು ಸರಿ ಅನ್ನುವವರೆಗೆ ರಿಂಗಿಗೆ ಕಾಲಿಡಬೇಡಿ. ಮೊದಲ ಪೆಟ್ಟು ವಾಸಿಯಾಗುವ ಮುಂಚೆ ಎರಡನೇದು ಬಿದ್ದರೆ ಜೀವಕ್ಕೇ ಅಪಾಯ ಬರಬಹುದು. ವಾಂತಿ, ಫಿಟ್ಸ್, ಎಚ್ಚರ ತಪ್ಪುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದು ಕಂಡರೂ ಕಾಯದೆ ಎಮರ್ಜೆನ್ಸಿಗೆ ಹೋಗಿ. ಡಾಕ್ಟರು ನಿಮ್ಮ ಗುಟ್ಟನ್ನು ಮನೆಗೆ ಸಾರುವುದಿಲ್ಲ.

ಆಮೇಲೆ ಹೆಂಡತಿ. ಅವರು ಎರಡು ವರ್ಷದಿಂದ ಬೇರೆ ಹೆಂಗಸಿನ ಮುಖ ಊಹಿಸಿಕೊಂಡು ನಿದ್ದೆಗೆಟ್ಟಿದ್ದಾರೆ, ಅವರಿಗೆ ನಿಜ ಹೇಳುವುದನ್ನು ಒಂದು ದಿನವೂ ಮುಂದಕ್ಕೆ ಹಾಕಬೇಡಿ ಅಂದೆ. ಅದಕ್ಕೆ ಗಂಡ ಮೆಕ್ಸಿಕೋದ ಎಲ್ ಸಾಂಟೋ ಕಥೆ ತೆಗೆದರು. ಬೆಳ್ಳಿ ಮುಖವಾಡದ ಕುಸ್ತಿಪಟು, ದಶಕಗಳ ಕಾಲ ಜನಕ್ಕೆ ಮುಖ ತೋರಿಸಲಿಲ್ಲ, 1984ರ ಜನವರಿಯಲ್ಲಿ ಟೀವಿಯಲ್ಲಿ ಸ್ವಲ್ಪ ಸರಿಸಿ ತೋರಿಸಿದರು, ಫೆಬ್ರವರಿಯಲ್ಲಿ ತೀರಿಕೊಂಡರು, ಮಣ್ಣು ಮಾಡಿದ್ದೂ ಮುಖವಾಡದಲ್ಲೇ. ಸರಿ, ಆದರೆ ಅವರ ಮಗನೂ ಅದೇ ಮುಖವಾಡ ಹಾಕಿ ಕುಸ್ತಿಗಿಳಿದರಲ್ಲ, ಮನೆಯವರಿಗೆ ಗೊತ್ತಿಲ್ಲದೆ ಅದು ಹೇಗೆ ಸಾಧ್ಯ ಅಂತ ಕೇಳಿದೆ. ಗದ್ದ ಮತ್ತೆ ಎದೆಗೆ ಹೋಯಿತು.

ಉಳಿದದ್ದು ಬೇಗ ಹೇಳಿ ಮುಗಿಸಿದೆ. ಆಫೀಸಿನ ನೇಮಕಾತಿ ಪತ್ರದಲ್ಲಿ ಬೇರೆ ಕಡೆ ದುಡಿಯುವ ಬಗ್ಗೆ ಏನಿದೆ ಓದಿ, ಅಲ್ಲಿ ಸಿಕ್ಕ ದುಡ್ಡನ್ನು ತೆರಿಗೆ ಲೆಕ್ಕದಲ್ಲಿ ತೋರಿಸಿ, ನಿಮ್ಮ ವಿಮೆ ಇಂಥ ಅಪಾಯದ ಆಟಕ್ಕೆ ಅನ್ವಯಿಸುತ್ತಾ ಕೇಳಿ. ರೆಸ್ಲಿಂಗ್ ಬಿಡಿ ಅಂತ ನಾನು ಹೇಳಲಿಲ್ಲ. ವಾರವೆಲ್ಲ ಎಲ್ಲರಿಗೂ ಹೂಂ ಅನ್ನುವ ಮನುಷ್ಯ, ರಿಂಗಿನಲ್ಲಿ ಮಾತ್ರ ಬಾಯ್ತುಂಬ ಕೂಗುತ್ತಾರೆ. ಅದನ್ನು ಕಸಿದುಕೊಳ್ಳಲು ನಾನ್ಯಾರು?

ಮುಂದಿನ ಭೇಟಿಗೆ ಇಬ್ಬರೂ ಬಂದರು. ಅಷ್ಟರಲ್ಲಿ ಸ್ಕ್ಯಾನ್ ಆಗಿತ್ತು, ರಕ್ತಸ್ರಾವ ಇರಲಿಲ್ಲ, ವಿಶ್ರಾಂತಿ ಹೇಳಿದ್ದರು. ಹೆಂಡತಿ ಪಾಕೆಟ್ ಪುಸ್ತಕ ಪೂರ್ತಿ ಓದಿದ್ದರು. ಅತ್ತದ್ದು ರೆಸ್ಲಿಂಗ್‌ಗಲ್ಲ. "ಬಸ್ಸಿನ ಬಾಗಿಲು ಬಡೀತು ಅಂದಾಗ ನಾನು ಅರಿಶಿನ ಬಿಸಿ ಮಾಡಿ ಹಚ್ಚಿದ್ದೆ ಕಣ್ರೀ" ಅಂದರು. ಗಂಡ ಉತ್ತರ ಕೊಡಲಿಲ್ಲ. ನಾನೂ ಮಧ್ಯೆ ಬಾಯಿ ಹಾಕಲಿಲ್ಲ, ತುಂಬ ಹೊತ್ತು ಹಾಗೇ ಕೂತಿದ್ದೆವು.

ತಾತನಿಗೆ ಇನ್ನೂ ಹೇಳಿಲ್ಲ. ಹೇಳುವ ದಿನ ತಾನೂ ಜೊತೆಗೆ ಬರುತ್ತೇನೆ ಅಂತ ಹೆಂಡತಿ ಅಂದಿದ್ದಾರೆ, ಬ್ಯಾಗನ್ನೂ ತರಬೇಕಂತೆ.