ಮುಂಗಾಲು ಕುಂಟೋ ಲ್ಯಾಬ್ರಡಾರ್ ನಾಯಿಗೆ ನಮ್ಮ ನೋವಿನ ಮಾತ್ರೆ ಕೊಡಬಹುದಾ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರೋದು, ಲಿಫ್ಟ್ ಇಲ್ಲದ ಬಿಲ್ಡಿಂಗ್, ಮೂರನೇ ಮಹಡಿ. ನಮ್ಮ ಲ್ಯಾಬ್ರಡಾರ್‌ಗೆ 6 ವರ್ಷ, ತೂಕ 40 ಕೆಜಿ. ಹತ್ತು ದಿನದಿಂದ ಮುಂದಿನ ಬಲಗಾಲು ಕುಂಟ್ತಿದಾನೆ, ಮಲಗಿ ಎದ್ದಾಗ ಜಾಸ್ತಿ, ಸ್ವಲ್ಪ ಓಡಾಡಿದ್ಮೇಲೆ ಕಮ್ಮಿ. ಊಟಕ್ಕೇನೂ ತೊಂದ್ರೆ ಇಲ್ಲ. ಪಕ್ಕದ ಮನೆಯವ್ರು ನಾವು ತಗೊಳ್ಳೋ ಮೈಕೈ ನೋವಿನ ಮಾತ್ರೆನೇ ಅರ್ಧ ಕೊಡಿ ಅಂತಾರೆ, ಕೊಡ್ಲಾ?

ಉತ್ತರ: ಬೇಡ. ಅರ್ಧನೂ ಬೇಡ, ಕಾಲೂ ಬೇಡ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಇದ್ರಿಂದ ನಾಯಿಗೆ ಹೊಟ್ಟೇಲಿ ಹುಣ್ಣಾಗಿ ರಕ್ತ ವಾಂತಿ ಆಗ್ಬಹುದು, ಕಿಡ್ನಿ ಕೈ ಕೊಡ್ಬಹುದು, ಪ್ಯಾರಸಿಟಮಾಲ್ ಲೆಕ್ಕ ತಪ್ಪಿದ್ರೆ ಲಿವರ್‌ಗೆ ಹೊಡ್ತ. ಈಗಾಗ್ಲೇ ಒಂದು ಕೊಟ್ಟಿದ್ರೆ ಡಾಕ್ಟ್ರ ಹತ್ರ ಮುಚ್ಚಿಡ್ಬೇಡಿ, ಯಾಕಂದ್ರೆ ಅವ್ರು ನಾಯಿಗೆ ಕೊಡೋ ನೋವಿನ ಔಷಧಿ ಕಾರ್ಪ್ರೊಫೆನ್ನೋ ಮೆಲಾಕ್ಸಿಕಾಮೋ ಬರೆದ್ರೆ ಎರಡೂ ಸೇರಿ ಇನ್ನೂ ಅಪಾಯ.

ಮೊದ್ಲು ಕಾಲಡಿ ನೋಡಿ. ಟಾರ್ಚ್ ಹಾಕ್ಕೊಂಡು ಬೆರಳ ಸಂದಿ, ಉಗುರಿನ ಬುಡ, ಪಾದದ ಮೆತ್ತೆ ಎಲ್ಲಾ. ಮುಂಬೈ ಕಡೆ ಮಳೆಗಾಲದಲ್ಲಿ ಸಂದಿ ಒದ್ದೆಯಾಗೇ ಇದ್ದು ಗಾಯ ಆಗೋದು ಮಾಮೂಲಿ, ಗಾಜಿನ ಚೂರೂ ಸಿಕ್ಕುತ್ತೆ. ಆಮೇಲೆ ಅವನು ನಿಧಾನಕ್ಕೆ ನಡೆಯೋದನ್ನ ಮುಂದಿನಿಂದ ಒಂದು ವಿಡಿಯೋ ಮಾಡಿ: ನೋವಿರೋ ಮುಂಗಾಲು ನೆಲಕ್ಕೆ ತಾಗಿದಾಗ ತಲೆ ಮೇಲೆ ಹೋಗುತ್ತೆ, ಒಳ್ಳೇ ಕಾಲು ಊರಿದಾಗ ಕೆಳಗೆ ಬರುತ್ತೆ. ಕ್ಲಿನಿಕ್‌ಗೆ ಬಂದ್ರೆ ಹೆದರಿಕೆಗೆ ಎಷ್ಟೋ ನಾಯಿಗಳು ಕುಂಟೋದೇ ಇಲ್ಲ, ಅದಕ್ಕೇ ಆ ವಿಡಿಯೋ ನಮಗೆ ಬೇಕು.

ನೀವು ಹೇಳಿದ್ದು ಕೇಳಿದ್ರೆ, ಅಂದ್ರೆ ಎದ್ದಾಗ ಬಿಗಿ, ನಡೆದಾಗ ಸಡಿಲ, ಅದೂ ಲ್ಯಾಬ್, ಅದೂ ಭಾರ, ನನ್ನ ಅನುಮಾನ ಮೊಣಕೈ ಕೀಲಿನ ಮೇಲೆ. ಈ ತಳಿಗೆ ಮರಿಯಿಂದ್ಲೇ ಎಲ್ಬೋ ಡಿಸ್‌ಪ್ಲಾಸಿಯಾ (ಮೊಣಕೈ ಕೀಲು ಸರಿಯಾಗಿ ಬೆಳೆಯದ ತೊಂದ್ರೆ) ಇದ್ದು, ಆಗ ಗೊತ್ತಾಗ್ದೆ, ಈಗ ಆರ್ಥ್ರೈಟಿಸ್ ಆಗಿ ಹೊರಗೆ ಬರೋದುಂಟು. ಎರಡೂ ಮೊಣಕೈ ಎಕ್ಸ್‌ರೇ ತೆಗೆಸಿ, ಒಂದೇ ಸಾಲ್ದು. ಜೊತೆಗೆ ರಕ್ತ ಪರೀಕ್ಷೆನೂ ಆಗ್ಲಿ, ಉಣ್ಣಿ ಜ್ವರದಲ್ಲೂ ಕೀಲು ನೋವು ಬರುತ್ತೆ, ಇವತ್ತು ಈ ಕಾಲು ನಾಳೆ ಆ ಕಾಲು ಅಂತ ಕುಂಟಿದ್ರಂತೂ ಅದೇ ಮೊದ್ಲು ನೋಡ್ಬೇಕು. ಪರೇಲ್‌ನ ವೆಟರ್ನರಿ ಕಾಲೇಜಿಗೇ ಓಡ್ಬೇಕಂತಿಲ್ಲ, ಹತ್ತಿರದಲ್ಲಿ ಎಕ್ಸ್‌ರೇ ಇರೋ ಕ್ಲಿನಿಕ್ ಸಾಕು.

ನಿಜವಾದ ತಲೆನೋವು ನಿಮ್ಮ ಮೆಟ್ಟಿಲು. ನಾಯಿ ತೂಕದ ಸುಮಾರು 60% ಮುಂಗಾಲ ಮೇಲೇ ಇರುತ್ತೆ, ನಿಮ್ಮವನಿಗೆ ಅದು 24 ಕೆಜಿ, ಇಳಿಯುವಾಗ ಇನ್ನೂ ಜಾಸ್ತಿ, ಹಂಗಾಗಿ ಹತ್ತೋದಕ್ಕಿಂತ ಇಳಿಯೋದೇ ಕೆಟ್ಟದ್ದು. ಕೊರಳಪಟ್ಟಿ ಬಿಟ್ಟು ಹಿಡಿಕೆ ಇರೋ ಹಾರ್ನೆಸ್ ಹಾಕಿ, ಪ್ರತಿ ಮಹಡೀಲಿ ನಿಲ್ಲಿಸಿ, ದಿನಕ್ಕೆ ಎರಡೇ ಸಲ ಕೆಳಗೆ, ಮಿಕ್ಕ ಹೊತ್ತಲ್ಲಿ ಉಚ್ಚೆಗೆ ಬಾಲ್ಕನೀಲಿ ಟ್ರೇ. ಅಲ್ಲಿ ಮಾಡಲ್ಲ ಅಂತ ಮೊದ್ಲು ಹಠ ಮಾಡ್ತಾನೆ, ಕೆಳಗೆ ಅವನು ಮಾಡಿದ್ದನ್ನ ಒರೆಸಿದ ಪೇಪರ್ ಟ್ರೇಲಿ ಇಟ್ರೆ ವಾಸನೆಗೆ ಒಪ್ಕೊಳ್ತಾನೆ. ಮನೇಲಿ ಜಾರೋ ಟೈಲ್ಸ್ ಮೇಲೆ ರಬ್ಬರ್ ಮ್ಯಾಟ್, ಬೆರಳ ಸಂದಿ ಕೂದ್ಲು ಟ್ರಿಮ್. ಬಾಲ್ ಎಸೆಯೋದು, ಸೋಫಾದಿಂದ ಹಾರೋದು ಸದ್ಯಕ್ಕೆ ಬಂದ್.

ತೂಕ ಇಳಿಸೋದು ಬೇಜಾರಿನ ಕೆಲ್ಸ, ಆದ್ರೆ ಯಾವ ಜಾಯಿಂಟ್ ಪೌಡರ್‌ಗಿಂತ್ಲೂ ನಾನು ಅದನ್ನೇ ನಂಬೋದು. ಮನೆಯವ್ರು ಚಹಾದ ಜೊತೆ ಅವನಿಗೆ ಹಾಕೋ ಬಿಸ್ಕೆಟ್‌ನೂ ಲೆಕ್ಕಕ್ಕೆ ತಗೊಳ್ಳಿ.

ಆದ್ರೆ ಕಾಲನ್ನ ಪೂರ್ತಿ ಎತ್ತೇ ಬಿಟ್ರೆ, ಮಣಿಕಟ್ಟಿನ ಮೇಲೋ ಭುಜದ ಹತ್ರಾನೋ ಗಟ್ಟಿ ಬಾವು ಕಂಡ್ರೆ, ಅಥ್ವಾ ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ರೆ, ಅವತ್ತೇ ಕರ್ಕೊಂಡು ಹೋಗಿ. ದೊಡ್ಡ ನಾಯಿಗಳಿಗೆ ಮೂಳೆ ಕ್ಯಾನ್ಸರ್ ಬರೋದು ಹೆಚ್ಚಾಗಿ ಆ ಎರಡು ಜಾಗದಲ್ಲೇ.