ಸೀರಿಯಲ್ ಕನ್ಸೋಲ್‌ನಲ್ಲಿ ಸಿಕ್ಕಿಕೊಂಡಿರುವ ಹಳೆಯ ಸೆಷನ್ ತಾನಾಗಿಯೇ ಮುಚ್ಚುವಂತೆ ಮಾಡುವುದು ಹೇಗೆ?

ಆ ಸ್ಕ್ರಿಪ್ಟ್ ಬರೆಯಬೇಡಿ. ಸರ್ವರ್‌ಗಳನ್ನು ದೂರದಿಂದ ನಿಭಾಯಿಸುವ ಐಪಿಎಂಐಟೂಲ್ (ipmitool) ಎಂಬ ಆಜ್ಞೆಯಿಂದ ಸೀರಿಯಲ್ ಕನ್ಸೋಲ್‌ಗೆ, ಅಂದರೆ ಸರ್ವರ್‌ನ ನೆಟ್‌ವರ್ಕ್ ಕೆಟ್ಟರೂ ಸಿಗುವ ಅದರ ಪಠ್ಯ ಪರದೆಗೆ, ಸಂಪರ್ಕಿಸಲು ಹೋದಾಗ ಸೆಷನ್ ಈಗಾಗಲೇ ಬೇರೆಡೆ ಸಕ್ರಿಯವಾಗಿದೆ ಎಂದು ಬರುತ್ತದೆ, ಆದ್ದರಿಂದ ಪ್ರತಿ ಸಲವೂ ಮೊದಲು ಡಿಆಕ್ಟಿವೇಟ್ (ಇರುವ ಸಂಪರ್ಕ ಕಡಿಯುವ ಆಜ್ಞೆ), ಆಮೇಲೆ ಆಕ್ಟಿವೇಟ್ (ಹೊಸದಾಗಿ ಸೇರುವ ಆಜ್ಞೆ) ಮಾಡಿಸಿ, ಜೊತೆಗೊಂದು ಟೈಮ್‌ಔಟ್ ಇಟ್ಟರೆ ಸಾಕೇ ಎಂದು ಕೇಳಿದ್ದೀರಿ. ಹೆಚ್ಚುಕಡಿಮೆ ಇದೇ ಸ್ಕ್ರಿಪ್ಟ್ ನಮ್ಮ ತಂಡದಲ್ಲಿ ಎಲ್ಲರ ಬಳಿಯೂ ಇತ್ತು. ಅದರಿಂದಲೇ ನಮ್ಮ ಮುಖ್ಯ ಡೇಟಾಬೇಸ್ ಸರ್ವರ್ ನಡುಹಗಲಿನಲ್ಲಿ ನಿಂತುಹೋಯಿತು.

ಹಿಂದಿನ ರಾತ್ರಿ ಆ ಸರ್ವರ್‌ನ ನೆಟ್‌ವರ್ಕ್ ಸಂರಚನೆಯನ್ನು ನಾನು ಬದಲಿಸುತ್ತಿದ್ದೆ. ಇಂಥ ಕೆಲಸಕ್ಕೆ, ನೆಟ್‌ವರ್ಕ್ ಮೂಲಕವೇ ಲಾಗಿನ್ ಆಗುವ ಎಸ್ಎಸ್ಎಚ್ ಅನ್ನು ನಂಬುವಂತಿಲ್ಲ. ನಾವು ಕುಳಿತ ಕೊಂಬೆಯನ್ನೇ ಕಡಿಯುವ ಕೆಲಸವದು. ಆದ್ದರಿಂದ ಸೀರಿಯಲ್ ಕನ್ಸೋಲ್‌ನಿಂದ ಒಳಹೊಕ್ಕು, ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಆಗಿ, ಬದಲಾವಣೆ ಮುಗಿಸಿದೆ. ನೆಟ್‌ವರ್ಕ್ ಮೇಲೆದ್ದಿತು, ಎಸ್ಎಸ್ಎಚ್ ಮತ್ತೆ ಸಿಕ್ಕಿತು. ಉಳಿದ ಪರೀಕ್ಷೆಗಳನ್ನೆಲ್ಲ ಅದರಲ್ಲೇ ಮಾಡಿ, ಕೊನೆಗೆ ಕನ್ಸೋಲ್ ಕಿಟಕಿಗೆ ಬಂದು ಎಂಟರ್, ಟಿಲ್ಡೆ (~), ಚುಕ್ಕಿ ಒತ್ತಿದೆ. ಸಂಪರ್ಕ ಕಡಿದುಹೋಯಿತು. ಮಲಗಲು ಹೋದೆ.

ಮರುದಿನ ಸಹೋದ್ಯೋಗಿಯೊಬ್ಬರು ಸೇವೆಯಿಂದ ತೆಗೆಯಬೇಕಿದ್ದ ಒಂದು ಹಳೆಯ ಯಂತ್ರವನ್ನು ಆರಿಸಲು ಕುಳಿತರು. ಬಿಎಂಸಿಯ (ಸರ್ವರ್‌ನೊಳಗೇ ಇದ್ದು ಅದನ್ನು ದೂರದಿಂದ ನಿಭಾಯಿಸಲು ಬಿಡುವ ಪುಟ್ಟ ಕಂಪ್ಯೂಟರ್) ಐಪಿ ವಿಳಾಸದಲ್ಲಿ ಕೊನೆಯ ಅಂಕಿ ತಪ್ಪಿತು. ಎಂದಿನ ದಿನವಾದರೆ ಇದು ತಪ್ಪೇ ಅಲ್ಲ, ಏಕೆಂದರೆ ಲಾಗಿನ್ ಸಾಲಿನಲ್ಲಿ ಯಂತ್ರದ ಹೆಸರು ಇರುತ್ತದೆ; ಅದನ್ನು ನೋಡಿ ಹಿಂದಿರುಗುತ್ತಿದ್ದರು. ಅಂದು ಅವರಿಗೆ ಲಾಗಿನ್ ಸಾಲೇ ಬರಲಿಲ್ಲ. ಎಂಟರ್ ಒತ್ತಿದಾಗ ಕಂಡದ್ದು ನಾನು ಬಿಟ್ಟುಹೋಗಿದ್ದ ರೂಟ್ ಶೆಲ್‌ನ (ಆಜ್ಞೆಗಳನ್ನು ಪಡೆದು ನಡೆಸುವ ಪ್ರೋಗ್ರಾಂ) ಹ್ಯಾಶ್ (#) ಚಿಹ್ನೆ. ಅದು ಹೆಸರಿಲ್ಲದ ಬರಿಯ ಪ್ರಾಂಪ್ಟ್, ಅಂದರೆ ಆಜ್ಞೆಗೆ ಕಾಯುವ ಸಾಲು. ಹಳೆಯ ಯಂತ್ರದಲ್ಲಿ ಯಾರೋ ಮೊದಲೇ ಲಾಗಿನ್ ಆಗಿದ್ದಾರೆ ಎಂದುಕೊಂಡು ಪವರ್‌ಆಫ್ ಕೊಟ್ಟರು.

ಸ್ವಲ್ಪ ಹಿಂದೆ ಬಿದ್ದಿದ್ದ ಪ್ರತಿರೂಪ ಸರ್ವರ್ ತಾನಾಗಿಯೇ ಮುಖ್ಯ ಸ್ಥಾನಕ್ಕೆ ಏರಿತು. ಹಳೆಯದನ್ನು ಮತ್ತೆ ಎಬ್ಬಿಸುವಷ್ಟರಲ್ಲಿ ಎರಡರಲ್ಲೂ ಬೇರೆ ಬೇರೆ ದಾಖಲೆಗಳಿದ್ದವು. ಅವನ್ನು ಅಪ್ಲಿಕೇಶನ್ ಲಾಗ್‌ಗಳ ಜೊತೆ ಒಂದೊಂದಾಗಿ ಹೋಲಿಸಿ ಸರಿಮಾಡುವುದು ಬಹಳ ದಿನ ನಡೆಯಿತು. ವ್ಯವಸ್ಥೆಯ ದಾಖಲೆಯ ಪ್ರಕಾರ ಸೀರಿಯಲ್ ಸಾಲಿನಲ್ಲಿ ಆ ಹೊತ್ತಿಗೆ ಲಾಗಿನ್ ಆಗಿದ್ದವನು ನಾನು. ಸಹೋದ್ಯೋಗಿ ತಾವಾಗಿಯೇ ಮುಂದೆ ಬಂದು ಹೇಳದಿದ್ದರೆ ಆ ಪವರ್‌ಆಫ್ ನನ್ನ ಹೆಸರಿನಲ್ಲೇ ಉಳಿಯುತ್ತಿತ್ತು. ಅವರ ಆ ಪ್ರಾಮಾಣಿಕತೆಗೆ ಇಂದಿಗೂ ಋಣಿ. ಹಾಗಿದ್ದರೂ ಮುಖ್ಯ ಸರ್ವರ್‌ಗಳ ಕನ್ಸೋಲ್ ಅನುಮತಿಯನ್ನು ನನ್ನಿಂದ ಹಿಂತೆಗೆದುಕೊಂಡರು. ಅದು ಸರಿಯಾದ ನಿರ್ಧಾರವೇ ಆಗಿತ್ತು.

ಈ ತಪ್ಪನ್ನು ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಅಡಿಯಲ್ಲಿರುವುದೂ ಇದೇ. ಕನ್ಸೋಲ್‌ನಲ್ಲಿ ಸೆಷನ್ ಎಂಬುದು ಒಂದಲ್ಲ, ಎರಡು. ಮೊದಲನೆಯದು ನಿಮ್ಮ ಕಂಪ್ಯೂಟರ್ ಮತ್ತು ಬಿಎಂಸಿ ನಡುವಿನದು, ಯುಡಿಪಿ 623ನೇ ಪೋರ್ಟ್ ಮೂಲಕ ನಡೆಯುವಂಥದ್ದು. ಎರಡನೆಯದು ಸರ್ವರ್‌ನ ಒಳಗೆ, ಸೀರಿಯಲ್ ಪೋರ್ಟಿನ ಮೇಲೆ ಗೆಟ್ಟಿ ಎಂಬ ಪ್ರೋಗ್ರಾಂ ತೋರಿಸಿದ ಲಾಗಿನ್‌ನಿಂದ ಹುಟ್ಟಿದ ಶೆಲ್. ಟಿಲ್ಡೆ-ಚುಕ್ಕಿ ಕಡಿಯುವುದು ಮೊದಲನೆಯದನ್ನು. ಡಿಆಕ್ಟಿವೇಟ್ ಕಡಿಯುವುದೂ ಅದನ್ನೇ. ಎರಡನೆಯದಕ್ಕೆ ಸುದ್ದಿಯೇ ತಲುಪದಿರಬಹುದು. ಮನೆಗೆ ಬರುವ ದಾರಿಯನ್ನು ಅಗೆದುಹಾಕಿದ ಮಾತ್ರಕ್ಕೆ ಮನೆಯ ಬಾಗಿಲಿಗೆ ಬೀಗ ಬೀಳುವುದಿಲ್ಲ.

ಎಸ್ಎಸ್ಎಚ್‌ಗೆ ಒಗ್ಗಿದವರಿಗೆ ಇದು ಬೇಗ ಹೊಳೆಯುವುದಿಲ್ಲ. ಅಲ್ಲಿ ಸಂಪರ್ಕ ಮುಚ್ಚಿದರೆ ಶೆಲ್‌ಗೆ ಹ್ಯಾಂಗ್‌ಅಪ್ ಸಂಕೇತ ಹೋಗುತ್ತದೆ, ಅದು ಸಾಯುತ್ತದೆ. ಸೀರಿಯಲ್ ಸಾಲಿನಲ್ಲಿ ಅದೇ ಕೆಲಸವನ್ನು ಕ್ಯಾರಿಯರ್ ಡಿಟೆಕ್ಟ್ ಎಂಬ ತಂತಿ ಮಾಡಬೇಕು. ಮೋಡೆಮ್ ಕಾಲದಲ್ಲಿ ಫೋನ್ ಕರೆ ಕಡಿದರೆ ಆ ಸಂಕೇತ ಬೀಳುತ್ತಿತ್ತು, ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಹ್ಯಾಂಗ್‌ಅಪ್ ಕಳುಹಿಸುತ್ತಿತ್ತು. ಕಳಿಸುವ ತಂತಿ, ಪಡೆಯುವ ತಂತಿ, ನೆಲದ ತಂತಿ ಎಂದು ಮೂರೇ ಇರುವ ಕೇಬಲ್‌ನಲ್ಲಿ ಆ ಸಂಕೇತಕ್ಕೆ ದಾರಿಯೇ ಇಲ್ಲ. ಅಂಥ ಕಡೆ ಗೆಟ್ಟಿಗೆ ಸ್ಥಳೀಯ ಸಾಲು ಎಂಬ ಆಯ್ಕೆ ಕೊಟ್ಟು, ಕ್ಯಾರಿಯರ್ ಅನ್ನು ಲೆಕ್ಕಿಸಬೇಡ ಎಂದು ಹೇಳಿರುತ್ತಾರೆ. ನಮ್ಮ ಸರ್ವರ್‌ನಲ್ಲೂ ಹಾಗೆಯೇ ಇತ್ತು. ಆ ತುದಿಯಲ್ಲಿ ಮನುಷ್ಯ ಇದ್ದಾನೋ, ಹೋದನೋ, ಬದಲಾದನೋ ಎಂಬುದು ನನ್ನ ಶೆಲ್‌ಗೆ ಗೊತ್ತೇ ಆಗುವಂತಿರಲಿಲ್ಲ. ಇಷ್ಟೆಲ್ಲ ಇದ್ದರೂ, ಟಿಲ್ಡೆಗೆ ಮೊದಲು ಎಕ್ಸಿಟ್ ಎಂದು ಟೈಪ್ ಮಾಡಿ, ಲಾಗಿನ್ ಸಾಲು ಮತ್ತೆ ಕಾಣಿಸುವವರೆಗೆ ಕಾದಿದ್ದರೆ ಏನೂ ಆಗುತ್ತಿರಲಿಲ್ಲ.

ನಿಮ್ಮಲ್ಲಿ ಸ್ಥಿತಿ ಹೇಗಿದೆ ಎಂದು ಇವತ್ತೇ ನೋಡಿ. ಮುಖ್ಯವಲ್ಲದ ಒಂದು ಯಂತ್ರಕ್ಕೆ ಕನ್ಸೋಲ್‌ನಿಂದ ಲಾಗಿನ್ ಆಗಿ, ಎಕ್ಸಿಟ್ ಮಾಡದೆ ಕಡಿದು, ಮತ್ತೆ ಸೇರಿ. ಲಾಗಿನ್ ಸಾಲು ಬಂದರೆ ಒಳ್ಳೆಯದು. ಪ್ರಾಂಪ್ಟ್ ಬಂದರೆ, ನೀವು ಬರೆಯಲಿರುವ ಸ್ಕ್ರಿಪ್ಟ್ ಇನ್ನೊಬ್ಬರನ್ನು ಹೊರದಬ್ಬಿ ಅವರ ಅಧಿಕಾರವನ್ನು ನಿಮ್ಮ ಕೈಗಿಡುವ ಯಂತ್ರವಾಗುತ್ತದೆ. ಅವರು ಫೈಲ್ ವ್ಯವಸ್ಥೆಯ ದುರಸ್ತಿಯ ನಡುವೆ ಹೌದು-ಇಲ್ಲ ಪ್ರಶ್ನೆಗೆ ಉತ್ತರಿಸುತ್ತಿದ್ದರೆ, ನೀವು ಪರದೆ ಎಬ್ಬಿಸಲು ಒತ್ತುವ ಮೊದಲ ಎಂಟರ್ ಆ ಪ್ರಶ್ನೆಗೆ ಉತ್ತರವಾಗಿ ಹೋಗಬಹುದು.

ಅಷ್ಟಕ್ಕೂ ಬೇರೆಡೆ ಸಕ್ರಿಯವಾಗಿರುವ ಆ ಸೆಷನ್ ಹಲವು ಸಲ ನಿಮ್ಮದೇ ಆಗಿರುತ್ತದೆ. ಎಸ್ಎಸ್ಎಚ್ ಮತ್ತು ಐಪಿಎಂಐಟೂಲ್ ಎರಡಕ್ಕೂ ಹೊರಬರುವ ಕೀಲಿ ಟಿಲ್ಡೆ-ಚುಕ್ಕಿಯೇ. ನಡುವಿನ ಸರ್ವರ್‌ಗೆ ಎಸ್ಎಸ್ಎಚ್ ಮಾಡಿ ಅಲ್ಲಿಂದ ಐಪಿಎಂಐಟೂಲ್ ಓಡಿಸಿದ್ದರೆ, ಆ ಕೀಲಿಯನ್ನು ಎಸ್ಎಸ್ಎಚ್ ನುಂಗಿ ತನ್ನನ್ನೇ ಮುಚ್ಚಿಕೊಳ್ಳುತ್ತದೆ. ಬಿಎಂಸಿಗೆ ಬೀಳ್ಕೊಡುಗೆ ಸಿಗದೆ, ಅದು ಇನ್ನೂ ಸ್ವಲ್ಪ ಹೊತ್ತು ನೀವು ಇದ್ದೀರಿ ಎಂದೇ ತಿಳಿದಿರುತ್ತದೆ. ಟಿಲ್ಡೆಯನ್ನು ಎರಡು ಸಲ ಒತ್ತಿ ಆಮೇಲೆ ಚುಕ್ಕಿ ಒತ್ತಿದರೆ ಒಳಗಿನದು ಮಾತ್ರ ಮುಚ್ಚುತ್ತದೆ. ಇದೊಂದನ್ನು ರೂಢಿ ಮಾಡಿಕೊಂಡರೆ ನಿಮ್ಮ ತೊಂದರೆಯ ಬಹುಪಾಲು ಕರಗೀತು.

ಟೈಮ್‌ಔಟ್ ಬಗ್ಗೆ ನನಗೆ ಹೆಚ್ಚು ನಂಬಿಕೆಯಿಲ್ಲ. ಬ್ಯಾಶ್ ಎಂಬ ಶೆಲ್‌ನ ಟಿಎಂಔಟ್ (ಸುಮ್ಮನಿದ್ದರೆ ಹೊರಹಾಕುವ ಗಡುವು) ಕೆಲಸ ಮಾಡುವುದು ಶೆಲ್ ಪ್ರಾಂಪ್ಟ್‌ನಲ್ಲಿ ಕಾಯುತ್ತಿದ್ದಾಗ ಮಾತ್ರ. ವಿಮ್, ಲೆಸ್, ಟಾಪ್‌ನಂಥ ಪ್ರೋಗ್ರಾಂ ಯಾವುದಾದರೂ ತೆರೆದಿದ್ದರೆ ಅದು ಸುಮ್ಮನಿರುತ್ತದೆ. ಇಡಿ, ಇಡಬೇಡಿ ಎನ್ನುವುದಿಲ್ಲ. ಆದರೆ ಅದನ್ನು ನೆಚ್ಚಿ ಎಕ್ಸಿಟ್ ಮರೆಯಬೇಡಿ. ಕೇಬಲ್‌ನಲ್ಲಿ ಕ್ಯಾರಿಯರ್ ತಂತಿ ನಿಜವಾಗಿಯೂ ಇದ್ದರೆ ಗೆಟ್ಟಿಯಿಂದ ಸ್ಥಳೀಯ ಸಾಲಿನ ಆಯ್ಕೆಯನ್ನು ತೆಗೆಯುವುದು ಇದಕ್ಕಿಂತ ಎಷ್ಟೋ ಮೇಲು.

ನಿಮ್ಮ ತಂಡದಲ್ಲಿ ಒಬ್ಬರಿಗಿಂತ ಹೆಚ್ಚು ಜನ ಕನ್ಸೋಲ್ ಮುಟ್ಟುತ್ತಾರೆ ಎಂದಾದರೆ ನೇರವಾಗಿ ಬಿಎಂಸಿಗೆ ಹೋಗುವುದನ್ನೇ ನಿಲ್ಲಿಸಿ. ಕನ್‌ಸರ್ವರ್ ಅಥವಾ ಕಾನ್‌ಮ್ಯಾನ್ ಎಂಬ ಕನ್ಸೋಲ್ ನಿರ್ವಹಣೆಯ ತಂತ್ರಾಂಶವನ್ನು ನಡುವೆ ಇಡಿ. ಪ್ರತಿ ಕನ್ಸೋಲ್‌ಗೆ ಅದೊಂದೇ ಸದಾ ಸೇರಿಕೊಂಡಿರುತ್ತದೆ, ನೀವು ಅದಕ್ಕೆ ಸೇರುತ್ತೀರಿ. ಒಬ್ಬರು ಬರೆಯುವಾಗ ಉಳಿದವರು ನೋಡುತ್ತಿರಬಹುದು, ಯಾರು ಬರೆಯುತ್ತಿದ್ದಾರೆ ಎಂಬುದು ಹೆಸರಿನೊಂದಿಗೆ ಕಾಣುತ್ತದೆ. ಯಂತ್ರವನ್ನು ಹೆಸರಿನಿಂದ ಕರೆಯುವುದರಿಂದ ಐಪಿಯ ಅಂಕಿ ತಪ್ಪುವ ಪ್ರಶ್ನೆ ಬರುವುದಿಲ್ಲ. ಯಾರೂ ಸೇರಿಲ್ಲದ ಹೊತ್ತಿನಲ್ಲಿ ಕರ್ನಲ್ ಪ್ಯಾನಿಕ್ (ಕರ್ನಲ್ ಕುಸಿತ) ಆದರೂ ಅದರ ಕೊನೆಯ ಸಾಲುಗಳು ಲಾಗ್‌ನಲ್ಲಿ ಉಳಿಯುತ್ತವೆ. ಸರ್ವರ್‌ನ ಡಿಸ್ಕ್‌ನಲ್ಲಿ ಅವು ಸಿಗದಿರುವ ಸಾಧ್ಯತೆಯೇ ಹೆಚ್ಚು. ಇದನ್ನೆಲ್ಲ ಆಡಳಿತಕ್ಕೆಂದೇ ಬೇರ್ಪಡಿಸಿದ ನೆಟ್‌ವರ್ಕ್‌ನಲ್ಲಿಡಿ. ಯಂತ್ರವನ್ನು ಬೂಟ್ ಮಾಡುವ ಗ್ರಬ್‌ಗೆ ಪಾಸ್‌ವರ್ಡ್ ಇಲ್ಲದಿದ್ದರೆ ಕನ್ಸೋಲ್ ಮುಟ್ಟಬಲ್ಲವರು ಬೂಟ್ ಸಾಲನ್ನು ತಿದ್ದಿ ರೂಟ್ ಆಗಬಲ್ಲರು.

ನಿಜವಾಗಿಯೂ ಸಿಕ್ಕಿಕೊಂಡ ಶೆಲ್ ಕಂಡರೆ ಅದರೊಳಗೆ ಕೆಲಸ ಶುರುಮಾಡಬೇಡಿ. ಎಸ್ಎಸ್ಎಚ್‌ನಿಂದ ಒಳಹೋಗಿ, ಹೂ (who) ಆಜ್ಞೆಯಿಂದ ಸೀರಿಯಲ್ ಸಾಲಿನಲ್ಲಿ ಯಾರಿದ್ದಾರೆ ಎಂದು ನೋಡಿ, ಅವರನ್ನೇ ಕೇಳಿ. ಬಿಟ್ಟುಹೋದದ್ದು ಎಂದು ಖಾತ್ರಿಯಾದ ಮೇಲೆ ಸೇವೆಗಳನ್ನು ನಡೆಸುವ ಸಿಸ್ಟಂಡಿ (systemd) ಇರುವ ಯಂತ್ರದಲ್ಲಿ ಆ ಪೋರ್ಟಿನ ಸೀರಿಯಲ್-ಗೆಟ್ಟಿ ಸೇವೆಯನ್ನು ಮರುಪ್ರಾರಂಭಿಸಿ. ಹಳೆಯ ಸೆಷನ್ ಹೋಗಿ ಹೊಸ ಲಾಗಿನ್ ಸಾಲು ಬರುತ್ತದೆ. ಸ್ಕ್ರಿಪ್ಟ್ ಬೇಕೇ ಬೇಕೆಂದರೆ ಈ ಹೂ ಪರಿಶೀಲನೆಯನ್ನು ಅದರಲ್ಲಿ ಬರೆಯಿರಿ, ಸಿಕ್ಕ ಹೆಸರನ್ನು ತೋರಿಸಿ ಅಲ್ಲಿಗೇ ನಿಲ್ಲಲಿ. ಡಿಆಕ್ಟಿವೇಟ್ ಆಜ್ಞೆಯನ್ನು ಮಾತ್ರ ಪ್ರತಿ ಸಲವೂ ಕೈಯಾರೆ ಟೈಪ್ ಮಾಡಿ.